ಒರಿ

ಜತ್ತದ ಎಸ್‌ಟಿ ಸ್ಟ್ಯಾಂಡಿನ ಹಿಂದ ನಮ್ಮ ಅಂಗಡಿ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಲೆಕ್ಕ ಎರಡರಾಗೂ ತಪ್ಪತೈತಿ.
ಬಾರಕೋಲಿನ ತುದಿ, ಎತ್ತಿನ ಗೆಜ್ಜಿಪಟ್ಟಿ,
ಹರದ ಮೆಟ್ಟಿನ ಉಂಗುಟ,
ಇಷ್ಟ ಇತ್ತು ನನ್ನ ಕೆಲಸ
ಸೋಮನಿಂಗ ಬರೂತನಕ.

ಸೇಲಮ್ಮಿನಾಗ ಇಪ್ಪತ್ತು ವರ್ಷ ಬಂಗಾರ ಕರಗಿಸಿ ಬಂದಾಂವ,
ಹುಬ್ಬು ಅರ್ಧ ಸುಟ್ಟಾವು.
ಬಾಗಲಾ ಮುಂದ ಮಾಡಿ, ದನಿ ಇಳಿಸಿ ಅಂದ:
"ಕಮಳಾಬಾಯಿ, ಲೈಸನ್ ಆತು. ಸಾಮಾನೂ ಬಂತು.
ಯಾರಿಗೂ ಕಾಣಬಾರದು, ನನಗ ಚುಚ್ಚಬಾರದು,
ಅಂಥಾದ್ದೊಂದು ಒರಿ ಮಾಡಿಕೊಡು."

ಒರಿ ಹಚ್ಚಾಂವ ನೀನಪಾ, ಅಂದೆ.
ಕರೀ ಕಲ್ಲಿನ ಮ್ಯಾಲ ಒಂದ ಗೆರಿ ಎಳದು
ಖರೇ ಯಾವುದು, ಖೊಟ್ಟಿ ಯಾವುದು ಹೇಳಾಂವ.
ನನ್ನ ಒರಿ ಏನೂ ಹೇಳೂದಿಲ್ಲ.
ಮುಚ್ಚತೈತಿ, ಅಷ್ಟ.

ಸಾಮಾನು ನನ್ನ ಅಂಗಡ್ಯಾಗ ತರಬ್ಯಾಡ ಅಂದದ್ದಕ್ಕ
ಕಾಗದದ ಮ್ಯಾಲ ಇಟ್ಟು ಸುತ್ತ ಗೆರಿ ಹೊಡಕೊಂಡು ಬಂದ,
ಸಾಲಿ ಹುಡುಗರು ಅಂಗೈ ಬರದಂಗ.
ಬೇವಿನ ತುಂಡು ಅದರಂಗ ಕೆತ್ತಿದೆ.
ಎಮ್ಮಿ ತೊಗಲು ನೆನಿ ಹಾಕಿ, ಹಸೀ ಇದ್ದಾಗನ
ತುಂಡಿನ ಮ್ಯಾಲ ಒತ್ತಿ, ಎಲುವಿನ ಕಡ್ಡೀಲೆ ತಿಕ್ಕಿ
ಮೂರು ದಿನ ನೆರಳಾಗ ಇಟ್ಟೆ.
ಕುದುರಿ ಪೂರಾ ಮುಚ್ಚಿದೆ. ಮರತೂ ಬಟ್ಟು ತಾಗಬಾರದು.

ಮುಂದ ಕಟ್ಟಿ ನೋಡಿದ. ಉಣ್ಣಾಕ ಕುಂತರ ಹೊಟ್ಟಿಗೆ ಹಿಡಿಕಿ.
ಹಿಂದ ಕಟ್ಟಿದ. ಸಾಂಗಲಿ ಗಾಡ್ಯಾಗ ಒಂದೊಂದ ತೆಗ್ಗಿಗೂ
ಬೆನ್ನೆಲುವು ಎಣಿಸಿತಂತ.
ಬಲಕ್ಕ ಕಟ್ಟೋ ಅಂದೆ, ಟೊಂಕದ ಎಲುವಿನ ಹಿಂದ ನಾಕ ಬಟ್ಟು.
ಅಲ್ಲೊಂದು ತೆಗ್ಗು ಇರತೈತಿ ಎಲ್ಲಾರಿಗೂ,
ನಾವು ಹೆಣ್ಮಕ್ಕಳು ಕೊಡ ಇಡತೀವಲ್ಲ, ಅದರ ಹಿಂದ.
ಧೋತರಾ ಬಿಟ್ಟ. ಪ್ಯಾಂಟು ಒಂದಿಂಚು ಸಡ್ಲ ಹೊಲಿಸಿದ.
ಬಿಳೀ ನೆಹರೂ ಅಂಗಿ ಬಿಸಲಾಗ ಎಲ್ಲಾ ಬಾಯಿ ಬಿಡತೈತಿ,
ಅದಕ್ಕ ದಪ್ಪ ಬಟ್ಟಿ, ಗೀರಗೀರಿಂದು,
ಟೊಂಕದ ಕೆಳಗ ಒಂದು ಗೇಣು.
ಟೇಲರ್ ಇಸಾಕ ಕೇಳಿದನಂತ:
"ಯಾಕ ಮಾಲಕ, ಹೊಟ್ಟಿ ಬಿಟ್ಟು ಬಾಜೂಕ ದಪ್ಪಾಗೀರಿ?"

ಮತ್ತ ಬಂದ. ಬೆವರಿನ ಉಪ್ಪು ಕಡೀತೈತಿ.
ಒಳಗ ಮೆತ್ತನ್ನ ಹಾಸು ಹಚ್ಚಿದೆ.
ಮತ್ತ ಬಂದ. ಮೂಲಿ ಚುಚ್ಚತೈತಿ.
ಹೆರದೆ.
ಮತ್ತ ಬಂದ. ಮೊಮ್ಮಗಳು ಟೊಂಕದ ಮ್ಯಾಲ ಕುಂಡ್ರವಲ್ಲಳು, ಅಳತಾಳ.
ಎಡಕ್ಕ ಎತಿಗೋ ಅಂದೆ.
"ಎಡಗೈ ಮ್ಯಾಲ ಏಳೂದಿಲ್ಲ, ಬಾಯಿ.
ಉಮರಾಣಿ ರಸ್ತ್ಯಾಗ ಚೀಲಾ ಕಸಗೊಳ್ಳಾಕ ಬಂದವರು
ಅದರ ಮ್ಯಾಲ ಹೊಡದಿದ್ದರು."

ಸೂಜಿ ಬಾಯಾಗ ಹಿಡಕೊಂಡು ಸುಮ್ಮ ಕುಂತೆ.
ಇನ್ನೆಷ್ಟು ತೆಳ್ಳಗ ಹೆರೀಲಿ ಈ ತೊಗಲು,
ಒಂದು ಮಗ್ಗಲಿಗೆ ಕಬ್ಬಣ,
ಒಂದು ಮಗ್ಗಲಿಗೆ ಕೂಸಿನ ತೊಡಿ?

ಇಲೆಕ್ಷನ್ ಬಂತು. ಸಾಮಾನು ಠಾಣ್ಯಾಗ ಜಮಾ,
ಕೈಯಾಗ ಒಂದು ಪಾವತಿ.
ಖಾಲಿ ಒರಿ ಕಟಗೊಂಡು ಬಂದ ಸೋಮನಿಂಗ,
ಬಲಗೈ ಇನ್ನೂ ಮೈ ಬಿಟ್ಟು ದೂರ,
ಒದ್ದಿ ಅಂಗಿ ತೊಟ್ಟವರಂಗ.
"ಏನೂ ಇಲ್ಲಾಂದ್ರ ಕುಸೀತೈತಿ,
ನಿನ್ನ ಬೇವಿನ ತುಂಡು ಕೊಡು, ತಿಂಗಳಮಟ."
ಕುಸಿಯೂದು ಯಾವುದಂತ ಕೇಳಲಿಲ್ಲ.
ಕೊಟ್ಟೆ.
ಅಂಗಿ ಇಳಿಬಿಟ್ಟು, ಹಿಂದ ಮುಂದ ಹಾಯಿಸಿ ನೋಡಿಕೊಂಡು
ಅದ ನಡಗೀಲೆ ಹ್ವಾದ.
ಚಾದಂಗಡಿ ಬಾಕಿನ ಮ್ಯಾಲಿನವರು
ಅದ ಹೆದರಿಕೀಲೆ ಸರದು ಜಾಗಾ ಕೊಟ್ಟರು.

ಓಟು ಮುಗದು ಎರಡು ತಿಂಗಳಾತು.
ತುಂಡು ತಿರುಗಿ ಬಂದಿಲ್ಲ, ಕೇಳಾಕ ನಾನೂ ಹೋಗಿಲ್ಲ.
ಮೊನ್ನಿ ವಿಜಾಪುರ ಗಾಡಿ ಹತ್ತೂಮುಂದ ಕಂಡ.
ಬಲಟೊಂಕದ ಮ್ಯಾಲ ಮೊಮ್ಮಗಳು,
ಮುತ್ಯಾನ ಕೊಳ್ಳಾಗ ಮಾರಿ ಹುದುಗಿಸಿ
ಜೊಲ್ಲು ಸುರಿಸಿ ನಿದ್ದಿ ಹೊಡೀತಿತ್ತು.
ಬೇವು ಇತ್ತೋ, ಕಬ್ಬಣ ಇತ್ತೋ, ಬರೇ ಟೊಂಕ ಇತ್ತೋ,
ಅಂಗಿ ಮ್ಯಾಲಿಂದ ನನಗೂ ತಿಳೀಲಿಲ್ಲ.
ಅಷ್ಟು ಛಲೋ ಕುಂತೈತಿ ಕೆಲಸ.